ಕತಾರ್ ಕನ್ನಡಿಗರ ಆದಾಯ ತೆರಿಗೆ

ಮುಐದರ್ ದೋಹಾ ನಗರದ ಪಶ್ಚಿಮಕ್ಕೆ, ಅಲ್ ರಯ್ಯಾನ್ ನಗರಸಭೆಯ ವ್ಯಾಪ್ತಿಯಲ್ಲಿರುವ ವಸತಿ ಬಡಾವಣೆ. ಕತಾರಿ ಕುಟುಂಬಗಳ ದೊಡ್ಡ ಮನೆಗಳ ನಡುವೆ, ವಿಲ್ಲಾಗಳನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟ ಕೋಣೆಗಳಲ್ಲಿ ಭಾರತೀಯ ಕುಟುಂಬಗಳು ಇಲ್ಲಿ ವಾಸವಾಗಿವೆ. ಕತಾರಿನಲ್ಲಿರುವ ಭಾರತೀಯರ ಸಂಖ್ಯೆ ಎಂಟು ಲಕ್ಷವನ್ನು ದಾಟಿದೆ. ಅವರಲ್ಲಿ ಮಂಗಳೂರು, ಉಡುಪಿ, ಪುತ್ತೂರು, ಭಟ್ಕಳ, ಕಾಸರಗೋಡುಗಳಿಂದ ಬಂದವರೂ ಬೆಂಗಳೂರಿನ ಎಂಜಿನಿಯರುಗಳೂ ಸೇರಿದ್ದಾರೆ. ಕರ್ನಾಟಕ ಸಂಘ ಕತಾರ್, ತುಳು ಕೂಟ ಮೊದಲಾದ ಸಂಘಟನೆಗಳು ಇವರನ್ನು ಒಂದೆಡೆ ಸೇರಿಸುತ್ತವೆ. ಈ ದೇಶದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಆದರೆ ಊರಿನಲ್ಲಿ ಬಾಡಿಗೆಗೆ ಕೊಟ್ಟ ಮನೆ ಇರುತ್ತದೆ, ಬ್ಯಾಂಕಿನಲ್ಲಿ ಠೇವಣಿ ಇರುತ್ತದೆ, ಅಡಿಕೆ ತೋಟ ಇರುತ್ತದೆ, ಎಂದಾದರೂ ಮಾರಬೇಕಾದ ಫ್ಲ್ಯಾಟ್ ಇರುತ್ತದೆ. ಇವುಗಳ ಲೆಕ್ಕ ಭಾರತದ ಆದಾಯ ತೆರಿಗೆ ಇಲಾಖೆಗೆ ಸೇರುತ್ತದೆ. ಈ ಲೇಖನವು ಆ ಲೆಕ್ಕವನ್ನು ಬರೆಯುವ ಅಕೌಂಟೆಂಟರಿಗೂ ಸಲಹೆಗಾರರಿಗೂ, ನಮ್ಮವರ ಬಾಯಲ್ಲಿ ಹೇಳುವುದಾದರೆ 'ಆಡಿಟರ'ರಿಗೂ ತಿಳಿದಿರಬೇಕಾದ ಸಂಗತಿಗಳ ಸಮೀಕ್ಷೆ.

ಕತಾರಿನ ಕಾನೂನು

ಕತಾರಿನಲ್ಲಿ ಈಗ ಜಾರಿಯಲ್ಲಿರುವುದು 2018ರ 24ನೇ ಸಂಖ್ಯೆಯ ಆದಾಯ ತೆರಿಗೆ ಕಾಯ್ದೆ. ಇದಕ್ಕೆ ಮೊದಲು 2009ರ 21ನೇ ಸಂಖ್ಯೆಯ ಕಾಯ್ದೆ ಇತ್ತು. ಶೇ 35ರವರೆಗೆ ಏರುತ್ತಿದ್ದ ಹಳೆಯ ದರಗಳ ಬದಲು ಶೇ 10ರ ಒಂದೇ ದರವನ್ನು ತಂದದ್ದು 2009ರ ಆ ಕಾಯ್ದೆ. ತೆರಿಗೆ ಬೀಳುವುದು ವ್ಯಾಪಾರದ ಲಾಭದ ಮೇಲೆ. ಸಂಬಳ, ಭತ್ಯೆ, ಸೇವೆಯ ಕೊನೆಯಲ್ಲಿ ಸಿಗುವ ಗ್ರಾಚ್ಯುಟಿ ತೆರಿಗೆಯಿಂದ ಹೊರಗಿವೆ. ಆದ್ದರಿಂದ ಕಚೇರಿಯಲ್ಲಿ ದುಡಿಯುವವನು ಕತಾರಿನಲ್ಲಿ ರಿಟರ್ನ್ಸ್ ಸಲ್ಲಿಸುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಗ್ಯಾರೇಜಿನಲ್ಲೋ ದಿನಸಿ ಅಂಗಡಿಯಲ್ಲೋ ಪಾಲುದಾರನಾಗಿರುವ ವಿದೇಶಿಯ ಲಾಭದ ಪಾಲಿಗೆ ಶೇ 10 ತೆರಿಗೆ ಉಂಟು. ಲೆಕ್ಕದ ವರ್ಷ ಮುಗಿದ ನಾಲ್ಕು ತಿಂಗಳೊಳಗೆ ಜನರಲ್ ಟ್ಯಾಕ್ಸ್ ಅಥಾರಿಟಿಯ 'ಧರೀಬಾ' ಪೋರ್ಟಲಿನಲ್ಲಿ ಅದರ ವಿವರ ಸಲ್ಲಿಸಬೇಕು. ಅಂಗಡಿ ನಡೆಸುವವರಲ್ಲಿ ಹಲವರು ತಮ್ಮನ್ನೂ ಸಂಬಳದವರ ಸಾಲಿಗೇ ಸೇರಿಸಿಕೊಂಡು ಸುಮ್ಮನಿರುತ್ತಾರೆ. ಕೈಗೆ ಬರುವ ಹಣ ಸಂಬಳವೋ ಲಾಭವೋ ಎಂಬುದನ್ನು ಸಲಹೆಗಾರ ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳಬೇಕು.

ಕೊಲ್ಲಿ ದೇಶಗಳಲ್ಲಿ ಗಾಳಿ ನಿಧಾನವಾಗಿ ಬದಲಾಗುತ್ತಿದೆ. 2025ರಲ್ಲಿ ಒಮಾನ್ ವೈಯಕ್ತಿಕ ಆದಾಯ ತೆರಿಗೆಯ ಕಾಯ್ದೆಯನ್ನು ಹೊರಡಿಸಿತು. ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯದ ಮೇಲೆ ಶೇ 5ರ ತೆರಿಗೆ, 2028ರ ಜನವರಿ 1ರಿಂದ. ಕೊಲ್ಲಿ ಸಹಕಾರ ಮಂಡಳಿಯ ದೇಶಗಳಲ್ಲಿ ಇದೇ ಮೊದಲು. ಕತಾರ್ ಬಹುರಾಷ್ಟ್ರೀಯ ಕಂಪನಿಗಳಿಗೆ ಶೇ 15ರ ಕನಿಷ್ಠ ತೆರಿಗೆಯನ್ನು 2025ರಿಂದ ತಂದಿದ್ದರೂ ಅದು ಮನೆ ಬಾಡಿಗೆ ಕಟ್ಟುವ ನೌಕರನನ್ನು ತಟ್ಟುವುದಿಲ್ಲ.

ದಿನಗಳ ಲೆಕ್ಕ

ಭಾರತದ ಕಾನೂನು ಪೌರತ್ವವನ್ನು ನೋಡಿ ತೆರಿಗೆ ಹಾಕುವುದಿಲ್ಲ. ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದಿರಿ ಎಂಬುದೇ ಮೊದಲ ಪ್ರಶ್ನೆ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದವರು ನಿವಾಸಿ. 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿ. ಆದರೆ ಉದ್ಯೋಗಕ್ಕಾಗಿ ದೇಶ ಬಿಟ್ಟು ಹೋಗುವ ಭಾರತೀಯನಿಗೆ ಆ ವರ್ಷ 60ರ ಬದಲು 182 ದಿನದ ಮಿತಿ. ರಜೆಗೆ ಊರಿಗೆ ಬಂದು ಹೋಗುವ ಅನಿವಾಸಿಗೂ ಸಾಮಾನ್ಯವಾಗಿ ಅದೇ ಮಿತಿ. ನಿವಾಸಿಯಾದವನ ಜಗತ್ತಿನೆಲ್ಲೆಡೆಯ ಆದಾಯ ಭಾರತದ ತೆರಿಗೆಗೆ ಒಳಪಡುತ್ತದೆ. ಅನಿವಾಸಿಗಾದರೆ ಭಾರತದಲ್ಲಿ ಹುಟ್ಟಿದ ಅಥವಾ ಭಾರತದಲ್ಲಿ ಕೈಸೇರಿದ ಆದಾಯ ಮಾತ್ರ.

ಮೊದಲ ಸಲ ಕತಾರಿಗೆ ಹೊರಟವನ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಏಪ್ರಿಲ್ 1ರಿಂದ ಸೆಪ್ಟೆಂಬರ್ 28ರವರೆಗೆ ಎಣಿಸಿದರೆ 181 ದಿನ. ಸೆಪ್ಟೆಂಬರ್ 29ಕ್ಕೆ 182. ಮಂಗಳೂರಿನಿಂದ ಸೆಪ್ಟೆಂಬರ್ 28ರಂದು ಹಾರಿದವನು ಆ ವರ್ಷ ಮತ್ತೆ ಊರಿಗೆ ಬಾರದಿದ್ದರೆ ಅನಿವಾಸಿ, ಮರುದಿನ ಹಾರಿದವನು ನಿವಾಸಿ. ಎರಡನೆಯವನು ಅಕ್ಟೋಬರಿನಿಂದ ಮಾರ್ಚಿನವರೆಗೆ ದೋಹಾದಲ್ಲಿ ಗಳಿಸಿದ ಆರು ತಿಂಗಳ ಸಂಬಳ ಭಾರತದ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಕತಾರಿನಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಭಾರತದ ತೆರಿಗೆಯಲ್ಲಿ ಕಳೆಯಲು ಅಲ್ಲಿನ ತೆರಿಗೆಯ ರಸೀದಿಯೂ ಇರುವುದಿಲ್ಲ. ವೀಸಾ ಕೈಗೆ ಬಂದ ದಿನವೇ ಯಾರಾದರೂ ಈ ಒಂದು ಮಾತು ಹೇಳಿದ್ದರೆ ಎಷ್ಟೋ ಮನೆಗಳ ಉಳಿತಾಯ ಉಳಿಯುತ್ತಿತ್ತು.

ಬಂದ ದಿನ ಮತ್ತು ಹೋದ ದಿನ ಎರಡನ್ನೂ ಎಣಿಸಬೇಕೇ ಎಂಬುದು ಹಳೆಯ ವಿವಾದ. ಎರಡನ್ನೂ ಎಣಿಸಬೇಕೆಂಬ ನಿಲುವೂ ಇದೆ, ಬಂದ ದಿನವನ್ನು ಬಿಡಬೇಕೆಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2009ರಲ್ಲಿ ಕೊಟ್ಟ ತೀರ್ಪೂ ಇದೆ. ಒಂದು ದಿನದ ಮೇಲೆ ಇಡೀ ವರ್ಷದ ತೆರಿಗೆಯನ್ನು ನಿಲ್ಲಿಸುವುದು ಜಾಣತನವಲ್ಲ. ಎರಡೂ ದಿನಗಳನ್ನು ಎಣಿಸಿಯೂ ಮಿತಿಯೊಳಗೆ ಉಳಿಯುವಂತೆ ಪ್ರಯಾಣ ನಿಗದಿ ಮಾಡುವುದು ಕ್ಷೇಮ. ಲೆಕ್ಕಕ್ಕೆ ಆಧಾರ ಪಾಸ್‌ಪೋರ್ಟಿನ ಮೊಹರುಗಳು. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಹಳೆಯದನ್ನು ಎಸೆಯದೆ ಜೋಪಾನವಾಗಿಡುವಂತೆ ಕಕ್ಷಿದಾರರಿಗೆ ಹೇಳುವುದು ಸಲಹೆಗಾರನ ಕರ್ತವ್ಯ.

'ಉದ್ಯೋಗಕ್ಕಾಗಿ' ಎಂಬ ಪದದಲ್ಲಿ ಸ್ವಂತ ವ್ಯಾಪಾರವೂ ಸೇರುತ್ತದೆಯೇ? ಸೇರುತ್ತದೆ ಎಂದು ಕೇರಳ ಹೈಕೋರ್ಟ್ 2011ರಲ್ಲಿ ಹೇಳಿದೆ. ಅಂಗಡಿ ಹಾಕಲು ಹೋದ ಕಾಸರಗೋಡಿನವರಿಗೂ ಭಟ್ಕಳದವರಿಗೂ ಈ ತೀರ್ಪು ಆಸರೆ.

2020ರ ತಿದ್ದುಪಡಿ

2020ರ ಫೆಬ್ರವರಿ 1ರ ಬಜೆಟ್ ಕೊಲ್ಲಿಯ ಭಾರತೀಯರಲ್ಲಿ ದೊಡ್ಡ ಗಾಬರಿ ಹುಟ್ಟಿಸಿತು. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪೌರನನ್ನು ಭಾರತದ ನಿವಾಸಿ ಎಂದೇ ಭಾವಿಸುವ ಪ್ರಸ್ತಾವ ಅದರಲ್ಲಿತ್ತು. ಮರುದಿನವೇ ಕೇಂದ್ರ ನೇರ ತೆರಿಗೆಗಳ ಮಂಡಳಿ ಸ್ಪಷ್ಟನೆ ಕೊಟ್ಟು, ಮಧ್ಯಪ್ರಾಚ್ಯದಲ್ಲಿ ಪ್ರಾಮಾಣಿಕವಾಗಿ ದುಡಿಯುವವರ ಸಂಬಳಕ್ಕೆ ತೆರಿಗೆ ಹಾಕುವ ಉದ್ದೇಶ ಇದಕ್ಕಿಲ್ಲ ಎಂದಿತು. ಕಾಯ್ದೆಯಾಗಿ ಬಂದಾಗ ನಿಯಮ ಮೃದುವಾಗಿತ್ತು. ವಿದೇಶಿ ಮೂಲಗಳನ್ನು ಬಿಟ್ಟು ಉಳಿದ ಒಟ್ಟು ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಹಾಗೆ ನಿವಾಸಿಯಾದವರೂ 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎಂಬ ನಡುವಿನ ವರ್ಗಕ್ಕೆ ಸೇರುತ್ತಾರೆ. ಈ ವರ್ಗದವರ ಕತಾರ್ ಸಂಬಳಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಭಾರತದಿಂದ ನಿಯಂತ್ರಿಸುವ ವ್ಯಾಪಾರದ ವಿದೇಶಿ ಲಾಭಕ್ಕೆ ಮಾತ್ರ ಉಂಟು.

ಅದೇ ತಿದ್ದುಪಡಿ ರಜೆಯ ಮಿತಿಯನ್ನೂ ಬದಲಿಸಿತು. ಮೇಲೆ ಹೇಳಿದ 15 ಲಕ್ಷ ಮೀರಿದವರಿಗೆ 182ರ ಬದಲು 120 ದಿನ, ಜೊತೆಗೆ ಹಿಂದಿನ ನಾಲ್ಕು ವರ್ಷಗಳ 365 ದಿನದ ಷರತ್ತು. ವರ್ಷಕ್ಕೆ 90 ದಿನ ಊರಿಗೆ ಬರುವವನ ನಾಲ್ಕು ವರ್ಷದ ಮೊತ್ತ 360, ಷರತ್ತಿನೊಳಗೇ ಉಳಿಯುತ್ತದೆ. 92 ದಿನ ಬಂದರೆ 368, ಷರತ್ತು ಮುಟ್ಟಿತು. 120ರಿಂದ 181 ದಿನ ಇದ್ದು ಹೀಗೆ ನಿವಾಸಿಯಾದವರಿಗೂ ಸಿಗುವುದು ಆ ನಡುವಿನ ವರ್ಗವೇ.

15 ಲಕ್ಷದ ಲೆಕ್ಕದಲ್ಲಿ ಕರಾವಳಿಯ ಕುಟುಂಬಗಳು ಗಮನಿಸಬೇಕಾದ ಒಂದು ಅಂಶವಿದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇರುವುದರಿಂದ ಪುತ್ತೂರಿನ ಅಡಿಕೆ ತೋಟದ ಹುಟ್ಟುವಳಿ ಆ 15 ಲಕ್ಷದೊಳಗೆ ಸೇರುವುದಿಲ್ಲ. ಎನ್‌ಆರ್‌ಇ ಖಾತೆಯ ಬಡ್ಡಿಯೂ ಅಷ್ಟೇ. ಕೃಷಿ ಆದಾಯವನ್ನು ಉಳಿದ ಆದಾಯದ ತೆರಿಗೆ ದರ ನಿರ್ಧರಿಸಲು ಕೂಡಿಸಿ ನೋಡುತ್ತಾರೆ ಎಂಬುದು ಬೇರೆ ಮಾತು. ಎರಡನ್ನೂ ಬೆರೆಸಿ ಕಕ್ಷಿದಾರನನ್ನು ಹೆದರಿಸಬಾರದು.

ಕೋವಿಡ್ ಕಾಲದಲ್ಲಿ ವಿಮಾನಗಳು ನಿಂತು ಊರಿನಲ್ಲೇ ಸಿಕ್ಕಿಬಿದ್ದವರ ಸಂಕಟ ಇಲಾಖೆಗೂ ಮುಟ್ಟಿತು. 2020ರ ಮೇ 8ರ 11ನೇ ಸುತ್ತೋಲೆ 2019-20ನೇ ವರ್ಷಕ್ಕೆ ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು ಲೆಕ್ಕದಿಂದ ಬಿಟ್ಟುಕೊಟ್ಟಿತು.

ಬ್ಯಾಂಕು ಮತ್ತು ಮನೆ

ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ಪ್ರಕಾರ ಉದ್ಯೋಗಕ್ಕಾಗಿ ಹೊರಟವನು ಹೊರಟ ದಿನದಿಂದಲೇ ಅನಿವಾಸಿ. ಆದಾಯ ತೆರಿಗೆಯ ದಿನದ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಕತಾರಿನಿಂದ ಬರುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಬೇಕು. ಹತ್ತು ವರ್ಷವಾದರೂ ಹಳೆಯ ಎಸ್‌ಬಿ ಖಾತೆಯಲ್ಲೇ ವ್ಯವಹಾರ ನಡೆಸುವವರು ಈಗಲೂ ಸಿಗುತ್ತಾರೆ. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಶೇ 30, ಸೆಸ್ ಸೇರಿ ಶೇ 31.2ರ ಟಿಡಿಎಸ್. ಭಾರತ ಮತ್ತು ಕತಾರ್ ನಡುವಿನ 1999ರ ದ್ವಿತೆರಿಗೆ ನಿವಾರಣಾ ಒಪ್ಪಂದ ಬಡ್ಡಿಯ ತೆರಿಗೆಯನ್ನು ಶೇ 10ಕ್ಕೆ ಮಿತಿಗೊಳಿಸಿತ್ತು. ಆ ಲಾಭ ಪಡೆಯಲು ಕತಾರಿನ ಜನರಲ್ ಟ್ಯಾಕ್ಸ್ ಅಥಾರಿಟಿ ಕೊಡುವ ನಿವಾಸ ಪ್ರಮಾಣಪತ್ರ ಬೇಕು, ಜೊತೆಗೆ 1961ರ ಕಾಯ್ದೆಯಡಿ 10ಎಫ್ ನಮೂನೆ. 2025ರ ಫೆಬ್ರವರಿ 18ರಂದು, ಅಮೀರ್ ಶೇಖ್ ತಮೀಮ್ ಬಿನ್ ಹಮದ್ ಅಲ್ ಥಾನಿ ಅವರು ದೆಹಲಿಗೆ ಬಂದಿದ್ದಾಗ, ಪರಿಷ್ಕೃತ ಒಪ್ಪಂದಕ್ಕೆ ಸಹಿ ಬಿತ್ತು. ಯಾವ ವರ್ಷದ ಆದಾಯಕ್ಕೆ ಯಾವ ಒಪ್ಪಂದ ಎಂಬುದನ್ನು ಗೆಜೆಟ್ ಅಧಿಸೂಚನೆ ನೋಡಿಯೇ ಅನ್ವಯಿಸಬೇಕು.

ಸಂಬಳವನ್ನು ಕಂಪನಿ ನೇರವಾಗಿ ಊರಿನ ಎನ್‌ಆರ್‌ಇ ಖಾತೆಗೆ ಹಾಕಿದರೆ 'ಭಾರತದಲ್ಲಿ ಕೈಸೇರಿದ' ಆದಾಯವಾಗುತ್ತದೆಯೇ ಎಂಬ ಭಯ ಬಹುಕಾಲ ಇತ್ತು. ವಿದೇಶಿ ಹಡಗಿನಲ್ಲಿ ದುಡಿಯುವ ಅನಿವಾಸಿ ನಾವಿಕರ ವಿಷಯದಲ್ಲಿ ಮಂಡಳಿ 2017ರ 13ನೇ ಸುತ್ತೋಲೆಯಿಂದ ಆ ಭಯ ನಿವಾರಿಸಿತು. ಅದಕ್ಕೂ ಮೊದಲು ನಾವಿಕರೊಬ್ಬರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ಕೆಲಸ ಎಲ್ಲಿ ನಡೆಯಿತೋ ಸಂಬಳ ಅಲ್ಲೇ ಹುಟ್ಟಿತು ಎಂಬ ನೋಟವನ್ನು ಎತ್ತಿಹಿಡಿದಿತ್ತು. ಆದರೂ ದಡದ ನೌಕರರಿಗೆ ಸಂಬಳವನ್ನು ಮೊದಲು ಕತಾರಿನ ಬ್ಯಾಂಕಿಗೆ ಹಾಕಿಸಿಕೊಂಡು, ಅಲ್ಲಿಂದ ಊರಿಗೆ ಕಳಿಸಲು ಹೇಳುವುದೇ ಸರಿ.

ಹೆಂಡತಿಯ ಹೆಸರಿನ ಠೇವಣಿಯ ವಿಷಯವನ್ನು ಬಿಡಿಸಿ ಹೇಳಬೇಕು. ಗಂಡ ದೋಹಾದಿಂದ ಕಳಿಸಿದ ಹಣವನ್ನು ಉಡುಪಿಯ ಬ್ಯಾಂಕಿನಲ್ಲಿ ಹೆಂಡತಿಯ ಹೆಸರಿನಲ್ಲಿ ಠೇವಣಿ ಇಡುವುದು ಕರಾವಳಿಯ ಪದ್ಧತಿ. ಹಣ ಕೊಟ್ಟದ್ದಕ್ಕೆ ತೆರಿಗೆ ಇಲ್ಲ, ಗಂಡಹೆಂಡಿರ ನಡುವಿನ ಕೊಡುಗೆ ವಿನಾಯಿತಿ ಪಡೆದಿದೆ. ಆದರೆ ಆ ಠೇವಣಿಯ ಬಡ್ಡಿಯನ್ನು ಕಾನೂನು ಗಂಡನ ಆದಾಯಕ್ಕೇ ಸೇರಿಸುತ್ತದೆ. ಹೆಂಡತಿಗೆ ಬೇರೆ ಆದಾಯವಿಲ್ಲವೆಂದು 15ಜಿ ನಮೂನೆ ಕೊಟ್ಟು ಟಿಡಿಎಸ್ ತಪ್ಪಿಸಿದ ಮನೆಗಳಿಗೆ ವರ್ಷಗಳ ನಂತರ ನೋಟಿಸು ಬಂದಾಗ ಗಂಡನ ರಿಟರ್ನ್ಸಿನಲ್ಲಿ ಆ ಬಡ್ಡಿ ಇಲ್ಲದಿರುವುದು ಬಯಲಾಗುತ್ತದೆ. ದೂರದಲ್ಲಿರುವ ಗಂಡ ಪ್ರೀತಿಯಿಂದ ಮಾಡಿದ ವ್ಯವಸ್ಥೆ ಹೀಗೆ ಮನೆಮಂದಿಗೆ ಕಷ್ಟ ತರಬಾರದು. ಅದೇ ಹಣವನ್ನು ಗಂಡ ತನ್ನ ಎನ್‌ಆರ್‌ಇ ಖಾತೆಯಲ್ಲಿ ಠೇವಣಿ ಇಟ್ಟಿದ್ದರೆ ಬಡ್ಡಿಗೆ ತೆರಿಗೆಯೇ ಇರುತ್ತಿರಲಿಲ್ಲ.

ಬಾಡಿಗೆಯ ನಿಯಮ ಬಾಡಿಗೆದಾರರಿಗೇ ಗೊತ್ತಿರುವುದಿಲ್ಲ. ಮನೆಯ ಯಜಮಾನ ಅನಿವಾಸಿಯಾದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಅದು ತೆರಿಗೆಗೆ ಒಳಪಡುವ ಆದಾಯವಾಗಿದ್ದರೆ ಬಾಡಿಗೆದಾರ ಶೇ 31.2 ಕಡಿದು ಕಟ್ಟಬೇಕು. ಕಡಿದದ್ದು ಹೆಚ್ಚಾದರೆ ರಿಟರ್ನ್ಸ್ ಸಲ್ಲಿಸಿ ವಾಪಸು ಪಡೆಯಬಹುದು.

ಫ್ಲ್ಯಾಟ್ ಮಾರಾಟದಲ್ಲಿ ಪೆಟ್ಟು ಇನ್ನೂ ದೊಡ್ಡದು. ನಿವಾಸಿ ಮಾರಿದರೆ 50 ಲಕ್ಷ ಹಾಗೂ ಅದಕ್ಕೂ ಮೇಲಿನ ಬೆಲೆಗೆ ಕೊಳ್ಳುವವನು ಕಡಿಯುವುದು ಶೇ 1. ಅನಿವಾಸಿ ಮಾರಿದರೆ ದೀರ್ಘಾವಧಿ ಲಾಭದ ದರದಲ್ಲಿ ಕಡಿಯಬೇಕು. 2024ರ ಜುಲೈ 23ರಿಂದ ಆ ದರ ಶೇ 12.5, ಮೇಲೆ ಸರ್ಚಾರ್ಜ್ ಮತ್ತು ಸೆಸ್. ಉದಾಹರಣೆಗೆ, 2012-13ರಲ್ಲಿ 35 ಲಕ್ಷಕ್ಕೆ ಕೊಂಡ ಮಂಗಳೂರಿನ ಫ್ಲ್ಯಾಟನ್ನು ಅನಿವಾಸಿಯೊಬ್ಬ 2025-26ರಲ್ಲಿ 80 ಲಕ್ಷಕ್ಕೆ ಮಾರಿದನೆನ್ನಿ. ಲಾಭ 45 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ ಸೆಸ್ ಸೇರಿ ನಿಜವಾದ ತೆರಿಗೆ 5,85,000 ರೂಪಾಯಿ. ಆದರೆ ಹೆದರಿದ ಖರೀದಿದಾರ ಪೂರ್ತಿ 80 ಲಕ್ಷದ ಮೇಲೆ ಕಡಿದರೆ ಸರ್ಚಾರ್ಜ್ ಸೇರಿ 11,44,000 ರೂಪಾಯಿ ಹೋಗುತ್ತದೆ. ನಡುವಿನ 5,59,000 ರೂಪಾಯಿ ರಿಫಂಡ್ ಬರುವವರೆಗೆ ಸರ್ಕಾರದ ಬಳಿ. ಇದನ್ನು ತಪ್ಪಿಸಲು ಇರುವ ದಾರಿ, ಮಾರಾಟದ ಮೊದಲೇ 1961ರ ಕಾಯ್ದೆಯ 197ನೇ ವಿಧಿಯಡಿ 13ನೇ ನಮೂನೆಯಲ್ಲಿ ಅರ್ಜಿ ಹಾಕಿ ಕಡಿಮೆ ಕಡಿತದ ಪ್ರಮಾಣಪತ್ರ ಪಡೆಯುವುದು. ಇದಕ್ಕೆ ವಾರಗಳು ಹಿಡಿಯುತ್ತವೆ. ಹತ್ತು ದಿನದ ರಜೆಗೆ ಬಂದು ಅಷ್ಟರಲ್ಲೇ ನೋಂದಣಿ ಮುಗಿಸಿ ಹೋಗುತ್ತೇನೆ ಎನ್ನುವವರಿಗೆ ಈ ಪ್ರಮಾಣಪತ್ರ ಸಿಗುವುದು ಕಷ್ಟ.

2024ರ ಬದಲಾವಣೆಯಲ್ಲಿ ಅನಿವಾಸಿಗೆ ಅನ್ಯಾಯವಾಗಿದೆ ಎಂದೇ ಹೇಳಬೇಕು. ಅದಕ್ಕೂ ಮೊದಲು ಕೊಂಡ ಮನೆ, ಜಮೀನು ಮಾರುವ ನಿವಾಸಿ ವ್ಯಕ್ತಿಗೆ ಬೆಲೆಯೇರಿಕೆ ಸೂಚ್ಯಂಕ ಬಳಸಿ ಶೇ 20ರ ಹಳೆಯ ಲೆಕ್ಕವನ್ನು ಆರಿಸಿಕೊಳ್ಳುವ ಅವಕಾಶ ಉಳಿಯಿತು, ಅನಿವಾಸಿಗೆ ಉಳಿಯಲಿಲ್ಲ. ಮೇಲಿನ ಫ್ಲ್ಯಾಟನ್ನೇ ನಿವಾಸಿ ಮಾರಿದ್ದರೆ ಕೊಂಡ ಬೆಲೆ ಸೂಚ್ಯಂಕದಿಂದ 65.8 ಲಕ್ಷಕ್ಕೆ ಏರಿ, ಲಾಭ 14.2 ಲಕ್ಷಕ್ಕೆ ಇಳಿದು, ಸೆಸ್ ಬಿಟ್ಟು ತೆರಿಗೆ 2,84,000 ರೂಪಾಯಿ ಆಗುತ್ತಿತ್ತು. ಅನಿವಾಸಿಗೆ ಸೆಸ್ ಬಿಟ್ಟು 5,62,500. ಒಂದೇ ಗೋಡೆ, ಒಂದೇ ಬಾಗಿಲು, ಎರಡರಷ್ಟು ತೆರಿಗೆ. ಕೇಂದ್ರ ಸರ್ಕಾರ ಇದನ್ನು ಸರಿಪಡಿಸಬೇಕು.

ರಿಟರ್ನ್ಸಿನ ತಪ್ಪುಗಳು

12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ 2025ರ ಬಜೆಟ್ಟಿನ ಸುದ್ದಿ ಕತಾರಿಗೂ ಮುಟ್ಟಿತು. ಅದು ನಿವಾಸಿಗಳಿಗೆ ಮಾತ್ರ ಸಿಗುವ ರಿಯಾಯಿತಿ. ಅನಿವಾಸಿಗೆ ಹೊಸ ಪದ್ಧತಿಯಲ್ಲಿ 4 ಲಕ್ಷದ ಮೂಲ ವಿನಾಯಿತಿಯಷ್ಟೇ. ಆ ವಿನಾಯಿತಿ ಖಾಲಿ ಉಳಿದರೂ ಫ್ಲ್ಯಾಟ್ ಲಾಭದ ಎದುರು ಅದನ್ನು ಬಳಸಿಕೊಳ್ಳುವಂತಿಲ್ಲ. ಹಿರಿಯ ನಾಗರಿಕರಿಗೆ ಹಳೆಯ ಪದ್ಧತಿಯಲ್ಲಿರುವ ಹೆಚ್ಚಿನ ವಿನಾಯಿತಿಯೂ ನಿವಾಸಿಗೇ. ಐಟಿಆರ್-1 ಅನಿವಾಸಿಯ ನಮೂನೆಯಲ್ಲ. ವ್ಯಾಪಾರವಿಲ್ಲದವರಿಗೆ ಐಟಿಆರ್-2. ಆಧಾರ್ ಜೋಡಿಸದ ಪಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾದಾಗ, ವಿನಾಯಿತಿ ಇದ್ದ ಅನಿವಾಸಿಗಳೂ ಸಿಕ್ಕಿಕೊಂಡರು. ಅವರು ಇಲಾಖೆಯ ದಾಖಲೆಯಲ್ಲಿ ತಮ್ಮ ಅನಿವಾಸಿ ಸ್ಥಿತಿಯನ್ನು ಬರೆಸಿಯೇ ಇರಲಿಲ್ಲ. ಪೋರ್ಟಲಿಗೆ ಹೋಗಿ ಆ ಒಂದು ಕಲಂ ಸರಿಯಿದೆಯೇ ನೋಡುವುದು ಪ್ರತಿ ವರ್ಷದ ಮೊದಲ ಕೆಲಸವಾಗಬೇಕು.

ಬ್ಯಾಂಕುಗಳ ವಿಲೀನದಿಂದ ಕರಾವಳಿಯವರಿಗೆ ಬಂದ ತೊಂದರೆಯೂ ಒಂದಿದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಐಎಫ್‌ಎಸ್‌ಸಿ ಬದಲಾದದ್ದು ತಿಳಿಯದೆ ರಿಟರ್ನ್ಸಿನಲ್ಲಿ ಹಳೆಯದನ್ನೇ ಬರೆದರೆ ರಿಫಂಡ್ ಖಾತೆಗೆ ಬಂದು ಬೀಳುವುದಿಲ್ಲ.

ಹಿಂದಿರುಗುವ ವರ್ಷ

ಕತಾರ್ ಬಿಟ್ಟು ಊರಿಗೆ ಬರುವವನಿಗೆ ಕಾನೂನು ಸ್ವಲ್ಪ ಉಸಿರಾಡಲು ಬಿಡುತ್ತದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು 729 ದಿನ ಮೀರದಿದ್ದರೆ, ಅವನು ಸಾಮಾನ್ಯ ನಿವಾಸಿಯಲ್ಲದ ನಿವಾಸಿ. ದೀರ್ಘಕಾಲ ಹೊರಗಿದ್ದವರಿಗೆ ಇದು ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಸಿಗುತ್ತದೆ. ಈ ಅವಧಿಯಲ್ಲಿ ಕತಾರಿನ ಬ್ಯಾಂಕಿನ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ವಿದೇಶಿ ಆಸ್ತಿಯ ಪಟ್ಟಿಯನ್ನೂ ತುಂಬಬೇಕಿಲ್ಲ. ಎಫ್‌ಸಿಎನ್‌ಆರ್ ಠೇವಣಿಯ ಬಡ್ಡಿ ವಿನಾಯಿತಿಯೂ ಮುಂದುವರಿಯುತ್ತದೆ. ಎನ್‌ಆರ್‌ಇ ಹಾಗಲ್ಲ. ಶಾಶ್ವತವಾಗಿ ಬಂದಿಳಿದ ದಿನದಿಂದ ಅದರ ವಿನಾಯಿತಿ ಮುಗಿಯುತ್ತದೆ, ಖಾತೆಯನ್ನು ಬದಲಿಸಬೇಕು.

ಗ್ರಾಚ್ಯುಟಿಯ ವಿಷಯ ಹೆಚ್ಚಿನ ಎಚ್ಚರ ಬೇಡುತ್ತದೆ. 2004ರ 14ನೇ ಸಂಖ್ಯೆಯ ಕತಾರ್ ಕಾರ್ಮಿಕ ಕಾಯ್ದೆ ಪ್ರತಿ ಸೇವಾ ವರ್ಷಕ್ಕೆ ಕನಿಷ್ಠ ಮೂರು ವಾರಗಳ ಮೂಲ ವೇತನವನ್ನು ಕೊಡಿಸುತ್ತದೆ. ಇಪ್ಪತ್ತು ವರ್ಷ ದುಡಿದವನಿಗೆ ಅದು ಅರವತ್ತು ವಾರದ ಸಂಬಳ. ಆ ಹಣ ಕತಾರಿನ ಖಾತೆಗೆ ಬಂದ ಮೇಲೆ ಊರಿಗೆ ರವಾನೆಯಾಗಲಿ. ಬಾಕಿಯನ್ನು ವರ್ಷಗಳ ಕಾಲ ಕಂಪನಿಯಲ್ಲೇ ಬಿಟ್ಟು, ಪೂರ್ಣ ನಿವಾಸಿಯಾದ ಮೇಲೆ ಪಡೆಯುವ ಸ್ಥಿತಿ ತಂದುಕೊಳ್ಳಬಾರದು. ಪೂರ್ಣ ನಿವಾಸಿಯಾದ ನಂತರ ಕತಾರಿನಲ್ಲಿ ಉಳಿದ ಖಾತೆಯನ್ನು ರಿಟರ್ನ್ಸಿನಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯ ಪ್ರಕಾರ ದಂಡ 10 ಲಕ್ಷ ರೂಪಾಯಿ. ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿಯ ಮೊತ್ತ 20 ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್ 1ರಿಂದ ಆ ದಂಡ ಇಲ್ಲ.

2025ರ ಕಾಯ್ದೆ

1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದಕ್ಕೆ 2025ರ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಜಾರಿಯ ದಿನ 2026ರ ಏಪ್ರಿಲ್ 1. ಅದರಲ್ಲಿ 536 ವಿಧಿ, 23 ಅಧ್ಯಾಯ, 16 ಅನುಸೂಚಿಗಳಿವೆ. 'ಹಿಂದಿನ ವರ್ಷ', 'ಕರನಿರ್ಧಾರಣೆ ವರ್ಷ' ಎಂಬ ಜೋಡಿ ಹೋಗಿ 'ತೆರಿಗೆ ವರ್ಷ' ಎಂಬ ಒಂದೇ ಪದ ಬಂದಿದೆ. ನಿವಾಸದ ನಿಯಮ ಹೊಸ ಕಾಯ್ದೆಯಲ್ಲೂ 6ನೇ ವಿಧಿಯೇ, ದಿನಗಳ ಸಂಖ್ಯೆಯೂ 15 ಲಕ್ಷದ ಮಿತಿಯೂ ಹಾಗೇ ಇವೆ. ಚದುರಿದ್ದ ಟಿಡಿಎಸ್ ವಿಧಿಗಳಲ್ಲಿ ಸಂಬಳದ್ದು 392ರಲ್ಲಿ, ಉಳಿದವು 393ರಲ್ಲಿ ಒಟ್ಟುಗೂಡಿವೆ. 2025-26ರ ಆದಾಯದ ರಿಟರ್ನ್ಸ್ 1961ರ ಕಾಯ್ದೆಯಂತೆಯೇ ನಡೆಯುತ್ತದೆ. ಒಂದೆರಡು ವರ್ಷ ಆಡಿಟರುಗಳು ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ.

ಆಧಾರ್ ಇಲ್ಲದೆ, ಭಾರತದ ಮೊಬೈಲ್ ಸಂಖ್ಯೆಯೂ ನಿಂತುಹೋಗಿ, ಒಟಿಪಿ ಬಾರದೆ ಕೂತ ಅನಿವಾಸಿಗೆ ಹಳೆಯ ದಾರಿ ಇನ್ನೂ ತೆರೆದಿದೆ. ರಿಟರ್ನ್ಸ್ ಸಲ್ಲಿಸಿದ 30 ದಿನಗಳೊಳಗೆ ಐಟಿಆರ್-ವಿ ಹಾಳೆಗೆ ಸಹಿ ಮಾಡಿ ಅಂಚೆಯಲ್ಲಿ ತಲುಪಿಸಬೇಕು. ಆ ಲಕೋಟೆ ಮುಐದರ್‌ನಿಂದ ಹೊರಟರೂ ಬೇರೆಲ್ಲಿಂದ ಹೊರಟರೂ ಸೇರಬೇಕಾದ ಜಾಗ ಒಂದೇ: ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಆದಾಯ ತೆರಿಗೆ ಇಲಾಖೆ, ಬೆಂಗಳೂರು 560500.